ಮೇಲಿನ ಬಯಲು

ಹಳದಿ ಮುಳ್ಳಿನ ಕಳೆ ಕೀಳಲು ಒಂದು ಗಿಡಕ್ಕೆ ಒಂದು ಸಲ ಬಗ್ಗಬೇಕು. ಬೇರು ಒಳಗೆ ತುಂಡಾದರೆ ಮತ್ತೆ ಚಿಗುರುತ್ತದೆ, ಮತ್ತೆ ಬಗ್ಗಬೇಕು. ಕೆಳಗಿನ ಬಯಲಿಗೆ ಸೊಸೆ ಮೂರು ಬೇಸಿಗೆಗಳನ್ನೂ ಇದ್ದಬದ್ದ ಕೈಗವಸುಗಳನ್ನೂ ಕೊಟ್ಟಾಗಿತ್ತು. ಔಷಧಿ ಹೊಡೆಸಿದ್ದು ಬೇರೆ. ಅಷ್ಟಾದರೂ ಆ ಬಯಲು ಮುಳ್ಳಿನ ಪಾಲಾಗಿ ಕೈಬಿಟ್ಟುಹೋಯಿತು. ಶುದ್ಧವಾಗಿ ಉಳಿದದ್ದು ಮೇಲಿನ ಬಯಲೊಂದೇ. ಅಲ್ಲಿ ಇನ್ನೂ ಬರೀ ಹುಲ್ಲಿತ್ತು.

ಕೆಳಗೆ ಮೇಯ್ದ ಕುರಿಗಳ ಹೊಟ್ಟೆಯಲ್ಲಿ ಮುಳ್ಳಿನ ಬೀಜ ಇತ್ತು. ದೊಡ್ಡಿಯಲ್ಲಿ ಕೂಡಿ, ಒಣಮೇವು ಹಾಕಿ, ಬೀಜವೆಲ್ಲ ಹಿಕ್ಕೆಯಾಗಿ ಅಲ್ಲೇ ಬಿದ್ದ ಮೇಲೆ ಅವನ್ನು ಮೇಲಕ್ಕೆ ಹೊಡೆಯಬೇಕು. "ಏನೇ ಆದ್ರೂ ಬಾಗಿಲು ತೆಗೀಬೇಡಿ ಅತ್ತೆ" ಎಂದು ಹೇಳಿಯೇ ಸೊಸೆ ಮೇವು ತರಲು ಹೋಗಿದ್ದಳು. ಅಂಗಡಿಯವನು ಕಾಯಿಸಿದ.

ಸಂಜೆ ಬಂದಾಗ ದೊಡ್ಡಿ ಖಾಲಿ. ಕುರಿಗಳು ಮೇಲಿನ ಬಯಲಿನ ತುಂಬ ಹರಡಿಕೊಂಡು ತಲೆ ಎತ್ತದೆ ಮೇಯುತ್ತಿದ್ದವು. ಅತ್ತೆ ಕಲ್ಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು.

"ಯಾರತ್ತೆ ಬಿಟ್ಟಿದ್ದು?"

"ನಾನೇ ಕಣೆ. ಬೆಳಗ್ಗಿಂದ ಒಂದೇ ಸಮ ಅರಚ್ಕೊಳ್ತಿದ್ವು. ತಾಯಿ ಕುರಿಗಳಿಗೆ ಹಾಲು ಇಳೀತಿಲ್ಲ. ಒಂದು ಮರಿ ಬಂದು ನನ್ನ ಬೆರಳು ಚೀಪ್ತು."

"ಹೇಳಿ ಹೋಗಿದ್ನಲ್ಲ!"

"ನೀ ಹೇಳಿದ್ದೆ. ನಿನ್ನಷ್ಟು ಗಟ್ಟಿ ಎದೆ ದೇವರು ನನಗೆ ಕೊಡ್ಲಿಲ್ಲ. ಹಿಕ್ಕೆ ತಾನೆ? ಆರಿಸಿ ಹಾಕೋಣ."

"ಆರಿಸಿ, ಆರಿಸಿ. ಎದುರಿಗಿರೋ ಕನ್ನಡಕವೇ ನಿಮಗೆ ಕಾಣ್ಸಲ್ಲ, ಹುಲ್ಲೊಳಗಿನ ಹಿಕ್ಕೆ ಕಾಣ್ಸುತ್ತಾ?"

ಕುರಿಗಳನ್ನು ಮತ್ತೆ ಕೂಡಿ, ಇಬ್ಬರೂ ಒಂದೊಂದು ಬುಟ್ಟಿ ಹಿಡಿದು ಬಗ್ಗಿದರು. ಅತ್ತೆ ಆಗಾಗ ಉರುಟು ಕಲ್ಲನ್ನೂ ಆರಿಸಿ ಹಾಕುತ್ತಿದ್ದಳು. ಸೊಸೆ ಅವನ್ನು ಹೆಕ್ಕಿ ಆಚೆ ಎಸೆದಳು. ಬೈಯುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಮಳೆ ಬಿದ್ದ ಮೇಲೆ ಮೇಲಿನ ಬಯಲಲ್ಲಿ ಹೊಸ ಸಸಿ ಮೊದಲು ಕಂಡದ್ದು ಅತ್ತೆಗೇ. ಎಲೆಗಳು ನೆಲಕ್ಕಂಟಿ ಚಕ್ರದ ಹಾಗೆ ಹರಡಿದ್ದವು.

"ಇದು ಆ ಇನ್ನೊಂದು ಮುಳ್ಳು ಇರಬಹುದು, ಅಲ್ವೇನೆ? ಆ ಸಾಧು ಜಾತಿದು?"

ಸೊಸೆ ಕುಕ್ಕರುಗಾಲಲ್ಲಿ ಕೂತು ಒಂದು ಎಲೆ ಮಗುಚಿದಳು. ಅಡಿ ಬೆಳ್ಳಗಿತ್ತು, ಹತ್ತಿ ಅಂಟಿಸಿದಂತೆ.

"ಅಲ್ಲ ಅತ್ತೆ, ಹಳದಿ ಮುಳ್ಳೇ."

ಸ್ವಲ್ಪ ಆಚೆ ಇನ್ನೊಂದು. ಅದರಾಚೆ ಬೇಲಿಯವರೆಗೂ ಇದ್ದವು. ಅತ್ತೆ ಸೊಸೆಯ ಕೈಯಿಂದ ಗುದ್ದಲಿ ತೆಗೆದುಕೊಂಡಳು.

"ನೀವು ಬಿಡಿ ಅತ್ತೆ, ನಾನು ಕೀಳ್ತೀನಿ."

"ನೀನು ಆ ಕಡೆಯಿಂದ ಬಾ. ನಾನು ಈ ಕಡೆಯಿಂದ ಬರ್ತೀನಿ."

ಆ ವರ್ಷ ಮರಿಗಳೆಲ್ಲ ಉಳಿದವು. ಮೇಲಿನ ಬಯಲು ಹೋಯಿತು.