ಕಾಲು ಮೈಲಿಯ ಫಿಯೆಟ್

ತಮಿಳು ಸೀಮೆಯ ತಿರುವೊಟ್ಟಿಯೂರಿನಲ್ಲಿ, ಕನ್ನಡ ಕರಾವಳಿಯಿಂದ ಬಂದು ನೆಲೆಸಿದ್ದ ಸದಾನಂದರ ಸಸ್ಯಾಹಾರಿ ಹೋಟೆಲಿನ ಹಿಂದೆ ಒಂದು ತಗಡಿನ ಶೆಡ್ ಇತ್ತು. ಮೊದಲು ಅಲ್ಲಿ ಸೌದೆ ಒಟ್ಟುತ್ತಿದ್ದರು, ಆಮೇಲೆ ಖಾಲಿ ಗ್ಯಾಸ್ ಸಿಲಿಂಡರು ಇಡುತ್ತಿದ್ದರು. ಈಗ ಕೆಲವು ವರ್ಷಗಳಿಂದ ಅಲ್ಲಿ ಅವರ ಮಗಳು ನಿಶ್ಮಿತಾಳ ಕಾರು ನಿಂತಿತ್ತು.

ಗುಜರಿಯಿಂದ ತಂದ ಹಳೆಯ ಫಿಯೆಟ್ಟಿನ ಮೈ, ಕೆಳಗೆ ಅವಳೇ ವೆಲ್ಡಿಂಗ್ ಮಾಡಿದ ಪೈಪುಗಳ ಚೌಕಟ್ಟು, ಒಳಗೆ ಹಳೆಯ ಕಾಂಟೆಸಾ ಕಾರಿನ ಎಂಜಿನ್, ಅದಕ್ಕೆ ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಎರಡು ಕಾರ್ಬ್ಯುರೇಟರ್. ಮೂತಿ ಮೇಲೆ, ಬೆನ್ನು ತಗ್ಗು. ಹಿಂದೆ ಅಗಲದ ಟೈರು, ಮುಂದೆ ಸಣಕಲು. ಗ್ರಿಲ್ಲಿನ ಎದುರಿಗೆ ಅಡ್ಡಲಾಗಿ ಕೂರಿಸಿದ ಪುಟ್ಟ ಪೀಪಾಯಿಯಂಥ ಪೆಟ್ರೋಲ್ ಟ್ಯಾಂಕು. ಅರವತ್ತರ ದಶಕದ ಅಮೆರಿಕದಲ್ಲಿ ಜನ ಮನೆಯ ಅಂಗಳದಲ್ಲಿ ಇಂಥ ಕಾರು ಕಟ್ಟಿ, ನೇರ ರಸ್ತೆಯಲ್ಲಿ ಕಾಲು ಮೈಲಿ ಪಂದ್ಯ ಓಡಿಸುತ್ತಿದ್ದರು. ಅವುಗಳ ಚಿತ್ರವನ್ನು ನಿಶ್ಮಿತಾ ಮೊದಲು ನೋಡಿದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಕಿಟ್ಟುವಿನ ಫೋನಿನಲ್ಲಿ.

ಕಿಟ್ಟು ಅದೇ ನಗರದ ದಕ್ಷಿಣದ ಅಡ್ಯಾರಿನವನು, ಅಪ್ಪ ರೈಲ್ವೆಯಲ್ಲಿದ್ದರು. ಅವನೂ ಅವಳೂ ಊರಾಚೆಯ ಕಾರಿನ ಕಾರ್ಖಾನೆಯೊಂದರಲ್ಲಿ ಎಂಜಿನ್ ಪರೀಕ್ಷೆಯ ವಿಭಾಗದಲ್ಲಿದ್ದರು. ಕಾರ್ಖಾನೆ ಮುಚ್ಚಿತು. ಕಿಟ್ಟುವಿಗೆ ವಿಮೆ ಕಂಪನಿಯಲ್ಲಿ ಅಪಘಾತದ ವಾಹನ ನೋಡುವ ಕೆಲಸ ಸಿಕ್ಕಿತು. ನಲವತ್ತು ದಾಟಿದ ನಿಶ್ಮಿತಾಳನ್ನು ಯಾರೂ ಕರೆಯಲಿಲ್ಲ. ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತಳು. ಬೆಳಗಿನ ಇಡ್ಲಿಯ ಗದ್ದಲದಿಂದ ಮಧ್ಯಾಹ್ನದ ಊಟ ಮುಗಿಯುವವರೆಗೆ ಚಿಲ್ಲರೆ ಕೊಟ್ಟು, ಆಮೇಲೆ ಶೆಡ್ಡಿಗೆ ಹೋಗಿ ಕಾರಿನ ಕೆಳಗೆ ಮಲಗುತ್ತಿದ್ದಳು.

ಕಟ್ಟುವಾಗ ಇಷ್ಟು ಕಷ್ಟವಾಗಿರಲಿಲ್ಲ. ಕಟ್ಟಿಯಾದ ಮೇಲೆ ಎಂಜಿನ್ ಹದಕ್ಕೆ ಬರಲಿಲ್ಲ. ಶೆಡ್ಡಿನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಚೆನ್ನಾಗಿ ಗರ್ಜಿಸುತ್ತಿತ್ತು. ಹತ್ತಿರದ ಗೋದಾಮೊಂದರ ಹಿಂದಿನ ಅಂಗಳಕ್ಕೆ ಒಯ್ದು ಜೋರಾಗಿ ಬಿಟ್ಟರೆ ಮಾತ್ರ ಕ್ಷಣದಲ್ಲೇ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ವಾಪಸು ತಂದು ಬಿಚ್ಚಿ ನೋಡಿದರೆ ಎಲ್ಲ ಸರಿ. ಅವಳು ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಚಿಮ್ಮಿಸುವ ಜೆಟ್ ಬದಲಿಸಿದಳು, ಕಿಡಿಯ ಸಮಯ ಹಿಂದೆ ಮುಂದೆ ಮಾಡಿದಳು, ಎರಡೂ ಕಾರ್ಬ್ಯುರೇಟರುಗಳ ಗಾಳಿ ಸಮ ಮಾಡಿದಳು. ಮತ್ತೆ ಅಂಗಳ, ಮತ್ತೆ ಕೆಮ್ಮು. ಬೇಸಿಗೆ ಬಂದು ಹೋಯಿತು, ಮಳೆಯೂ ಬಂದು ಹೋಯಿತು. ಸಿಟ್ಟು ಬರುವುದೂ ನಿಂತು, ಬರಿಯ ಆಯಾಸ ಉಳಿಯಿತು.

ಊರಾಚೆ ಕೈಬಿಟ್ಟ ರನ್‌ವೇಯಲ್ಲಿ ಹಳೆಯ ಮಾದರಿಯ ಕಾರುಗಳಿಗೂ ಪಂದ್ಯ ಉಂಟೆಂದು ಕಿಟ್ಟು ಸುದ್ದಿ ತಂದಾಗ ಅವಳು ಹೂಂ ಎಂದದ್ದು ಉತ್ಸಾಹದಿಂದಲ್ಲ. ಒಮ್ಮೆ ಹೋಗಿ ಬಂದರೆ ಇದು ಮುಗಿದೀತು ಎಂದುಕೊಂಡಳು.

ಆ ಭಾನುವಾರ ಅಮ್ಮ ಸರಸ ಬೆಳಿಗ್ಗೆಯೇ ಗಲ್ಲಾದಲ್ಲಿ ಕೂತು ಗಂಡನಿಗೆ ಹೇಳಿದರು: "ಇಲ್ಲಿ ನಾನ್ ಕಾಂತೆ. ನೀವ್ ಅವಳೊಟ್ಟಿಗೆ ಹೋಯ್ನಿ. ಮುಖ ಕಂಡ್ರಾ ಅವಳದ್ದ್?"

ಸದಾನಂದರಿಗೆ ಈ ಕಾರು ಎಂದೂ ಹಿಡಿಸಿರಲಿಲ್ಲ. ಆದರೂ ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು, ಕಾರನ್ನು ಹೇರಿದ್ದ ಟೆಂಪೋ ಹತ್ತಿದರು.

ರನ್‌ವೇಯಲ್ಲಿ ನೆರಳಿರಲಿಲ್ಲ. ಮೊದಲ ಓಟದಲ್ಲಿ ಪಕ್ಕಕ್ಕೆ ಹೊಸ ಎಂಜಿನ್ ಕೂರಿಸಿದ ಅಂಬಾಸಿಡರ್ ಬಂದು ನಿಂತಿತು. ಹಸಿರು ದೀಪ ಬಿತ್ತು. ಫಿಯೆಟ್ ನೆಗೆಯಿತು, ನಿಶ್ಮಿತಾಳ ಬೆನ್ನು ಸೀಟಿಗೆ ಒತ್ತಿತು, ಎರಡನೆಯ ಗೇರಿಗೆ ಹಾಕಿದಳು, ಕಾರು ಕೆಮ್ಮಿತು. ಅಂಬಾಸಿಡರ್ ಮುಂದೆ ಹೋಯಿತು.

ಗೋದಾಮಿನ ಅಂಗಳದಲ್ಲಾದರೆ ಅವಳು ಹೇಗೋ ಎಂಜಿನ್ನನ್ನು ಎಬ್ಬಿಸಿ ಶೆಡ್ಡಿಗೆ ಓಡಿಸಿಕೊಂಡು ಬರುತ್ತಿದ್ದಳು. ಇವತ್ತು ಅದಕ್ಕೂ ಮನಸ್ಸಾಗಲಿಲ್ಲ. ಎಂಜಿನ್, ಪೆಟ್ರೋಲ್ ಪಂಪು ಎರಡರ ಸ್ವಿಚ್ಚನ್ನೂ ಆರಿಸಿ, ಕಾರು ತಾನಾಗಿ ಉರುಳಿ ನಿಲ್ಲಲು ಬಿಟ್ಟಳು. ಕಿಟ್ಟು ಮತ್ತು ಸದಾನಂದರು ಅದನ್ನು ಬದಿಗೆ ತಳ್ಳಿದರು.

"ಸೆರಿ, ವಿಟ್ಟುಬಿಡು ನಿಶ್ಮಿ," ಎಂದ ಕಿಟ್ಟು ತನ್ನ ತಮಿಳು ಬೆರೆತ ಕನ್ನಡದಲ್ಲಿ. "ಅಪ್ಪುರಮ್ ನೋಡ್ಕೊಳ್ಳೋಣ. ಮೊದ್ಲು ನೀರು ಕುಡಿ."

"ಸಾಕ್ ಮಗಾ," ಎಂದರು ಸದಾನಂದರು. "ಮನೆಗ್ ಹ್ವಾಪ."

ಅವಳ ಕೈಗಳು ರೂಢಿಯಂತೆ ಬಾನೆಟ್ಟು ಎತ್ತಿ ಕಾರ್ಬ್ಯುರೇಟರಿನ ಮುಚ್ಚಳ ಬಿಚ್ಚಿದವು. ಪೆಟ್ರೋಲ್ ತುಂಬಿರಬೇಕಾದ ಚಿಕ್ಕ ಬಟ್ಟಲು ಒಣಗಿತ್ತು. ಎರಡನೆಯದನ್ನು ಬಿಚ್ಚಿದಳು. ಅದೂ ಒಣಗಿತ್ತು.

ಅವಳು ಹಾಗೇ ನಿಂತು ಮುಂದಿನ ಟ್ಯಾಂಕನ್ನು ನೋಡಿದಳು. ತೂಕ ಉಳಿಸಲು ಅದರಲ್ಲಿ ಯಾವಾಗಲೂ ಸ್ವಲ್ಪವೇ ಪೆಟ್ರೋಲ್ ಹಾಕುತ್ತಿದ್ದಳು. ಪೆಟ್ರೋಲ್ ಹೊರಡುವ ಬಾಯಿ ಟ್ಯಾಂಕಿನ ಮುಂಬದಿಯಲ್ಲಿತ್ತು. ಚಿತ್ರದಲ್ಲಿ ಹಾಗೆ ಕಂಡಿತ್ತೆಂದು ಹಾಗೆ ಕೂರಿಸಿದ್ದಳು. ಕಾರು ನೆಗೆದಾಗ ಒಳಗಿನ ಪೆಟ್ರೋಲೆಲ್ಲ ಹಿಂದಕ್ಕೆ ಸರಿಯುತ್ತದೆ, ಪಂಪು ಗಾಳಿ ಎಳೆಯುತ್ತದೆ. ಇಷ್ಟು ದಿನ ವಾಪಸು ಓಡಿಸಿಕೊಂಡು ಬರುವಷ್ಟರಲ್ಲಿ ಬಟ್ಟಲು ಮತ್ತೆ ತುಂಬಿಕೊಳ್ಳುತ್ತಿತ್ತು. ಇವತ್ತು ಪಂಪನ್ನೂ ಆರಿಸಿದ್ದರಿಂದ ಒಣಗಿದಂತೆಯೇ ಉಳಿದಿತ್ತು.

"ಕಾರ್ಬ್ಯುರೇಟರ್ ಸರಿಯಾಗೇ ಇತ್ತು ಕಿಟ್ಟು," ಎಂದಳು. "ಮೊದಲ ವಾರದಿಂದ ಸರಿಯಾಗೇ ಇತ್ತು."

ಕಿಟ್ಟು ಬಟ್ಟಲನ್ನೂ ಟ್ಯಾಂಕನ್ನೂ ನೋಡಿ ಹಣೆ ಚಚ್ಚಿಕೊಂಡ. ಅವಳಿಗೆ ನಗು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಸುಮ್ಮನೆ ಕಳೆದುಹೋದ ಮಧ್ಯಾಹ್ನಗಳೆಲ್ಲ ಒಟ್ಟಿಗೆ ಹೆಗಲ ಮೇಲೆ ಕೂತಂತಾಯಿತು.

"ಈಗ ಎಂತ ಮಾಡುಕೆ?" ಎಂದು ಅಪ್ಪ ಕೇಳಿದರು.

"ಟ್ಯಾಂಕ್ ಬಿಚ್ಚಿ ತಿರುಗಿಸ್ಕ್, ಅಪ್ಪಯ್ಯ. ಬಾಯಿ ಹಿಂದೆ ಬರ್ಕ್."

"ಆತ್ತಾ ನಿನ್ನ ಕೈಯಂಗೆ?"

"ಗೊತ್ತಿಲ್ಲೆ."

ಸದಾನಂದರು ಅಂಗಿಯ ತೋಳು ಮಡಚಿ ಡಾಂಬರಿನ ಮೇಲೆ ಮಂಡಿಯೂರಿದರು. ಟ್ಯಾಂಕನ್ನು ಬಿಗಿದಿದ್ದ ಪಟ್ಟಿಯ ಬೋಲ್ಟುಗಳು ಬಿಸಿಲಿಗೆ ಕಾದಿದ್ದವು. ಕಿಟ್ಟು ಬಿಚ್ಚಿದ, ಸದಾನಂದರು ಟ್ಯಾಂಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ನಿಶ್ಮಿತಾ ರಬ್ಬರ್ ಕೊಳವೆಯನ್ನು ಗಿಡ್ಡ ಮಾಡಿ ಹಿಂಬದಿಗೆ ಜೋಡಿಸಿದಳು. ಪೆಟ್ರೋಲ್ ಸುರಿದು ಸದಾನಂದರ ಅಂಗಿ ಒದ್ದೆಯಾಯಿತು. ಅವರು ಟ್ಯಾಂಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ಎರಡನೆಯ ಓಟಕ್ಕೆ ಪಕ್ಕದಲ್ಲಿ ಹಳೆಯ ಜೀಪೊಂದು ಬಂತು. ಹಸಿರು ದೀಪ. ಒಂದನೆಯ ಗೇರು, ಎರಡನೆಯದು. ಅವಳ ಮೈ ಕೆಮ್ಮಿಗಾಗಿ ಕಾಯಿತು. ಕೆಮ್ಮು ಬರಲಿಲ್ಲ. ಮೂರನೆಯ ಗೇರಿನಲ್ಲಿ ಎಂಜಿನ್ನಿನ ದನಿ ಒಂದೇ ಎಳೆಯಾಗಿ ಏರಿತು, ಚೌಕಟ್ಟು ನಡುಗಿತು, ಕೊನೆಯ ಗೆರೆ ಚಕ್ರದ ಕೆಳಗೆ ಹಾದುಹೋಯಿತು. ಜೀಪು ಎಲ್ಲೋ ಹಿಂದಿತ್ತು. ಅಂಬಾಸಿಡರಿನ ಹತ್ತಿರಕ್ಕೂ ಬರುವಂಥ ವೇಗವಲ್ಲ, ಬಹುಮಾನದ ಮಾತೇ ಇಲ್ಲ.

ರನ್‌ವೇಯ ತುದಿಯಲ್ಲಿ ಎಂಜಿನ್ ಆರಿಸಿ ಕೂತಳು. ತುಂಬ ಹೊತ್ತಿನ ಮೇಲೆ ಅಪ್ಪ ಬಿಸಿಲಿನಲ್ಲಿ ಅಷ್ಟು ದೂರ ನಡೆದುಕೊಂಡು ಬಂದು ಕಿಟಕಿಗೆ ಕೈಯೂರಿದರು.

"ಕೆಮ್ಮಲಿಲ್ಲೆ, ಅಲ್ದಾ?"

"ಇಲ್ಲೆ ಅಪ್ಪಯ್ಯ."

"ಮತ್ತೆಂತಕ್ಕೆ ಅಳ್ತೆ?"

"ಅಳ್ತಾ ಇಲ್ಲೆ. ಸುಸ್ತ್."

ಅವರು ಅವಳ ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿ, ಬೆವರಿನಲ್ಲಿ ಅಂಟಿದ ಕೂದಲನ್ನು ಹಿಂದಕ್ಕೆ ಸರಿಸಿದರು. "ನಾಳೆ ಗಲ್ಲಾಕ್ಕೆ ಬರೂದ್ ಬ್ಯಾಡ. ಮಲ್ಕೋ. ನಾನೇ ಕೂಕಂತೆ," ಎಂದರು.

ಮರುದಿನ ಅವಳು ಮಧ್ಯಾಹ್ನದವರೆಗೆ ನಿದ್ದೆ ಮಾಡಿದಳು. ಆ ವಾರವೂ ಮುಂದಿನ ವಾರವೂ ಶೆಡ್ಡಿನ ಕಡೆ ಹೋಗಲಿಲ್ಲ. ಕಿಟ್ಟು ಫೋನು ಮಾಡಿ ಇನ್ನೊಂದು ಪಂದ್ಯದ ಸುದ್ದಿ ಹೇಳಿದಾಗ, "ಈಗ ಬೇಡ ಕಿಟ್ಟು, ಸ್ವಲ್ಪ ದಿನ ಹೋಗಲಿ" ಎಂದಳು. ಹೇಳಿದ ಮೇಲೆ ಹಗುರಾಯಿತು. ಆಮೇಲೊಂದು ದಿನ ಊಟದ ಗಿರಾಕಿಗಳು ಕಡಿಮೆಯಾದಾಗ ಶೆಡ್ಡಿಗೆ ಹೋಗಿ, ಕೆಡದಿರಲೆಂದು ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದಳು, ಬ್ಯಾಟರಿಯ ತಂತಿ ಬಿಚ್ಚಿದಳು. ಟಾರ್ಪಾಲಿನ ಇನ್ನೊಂದು ತುದಿಯನ್ನು ಅಪ್ಪ ಹಿಡಿದುಕೊಂಡರು. ಇಬ್ಬರೂ ಸೇರಿ ಕಾರಿಗೆ ಹೊದಿಸಿದರು.