ಪಾಸ್‌ವರ್ಡ್: ಅದೇ

ಊರವರ ಬೀಗಗಳನ್ನೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆದುಕೊಡುತ್ತಿದ್ದ ಅಣ್ಣನ ಬಾಯಿಗೇ ಈಗ ಬೀಗ ಬಿದ್ದಿತ್ತು. ಲಕ್ವ ಹೊಡೆದು ಅಂಗಡಿಯ ಮೆಟ್ಟಿಲ ಮೇಲೆ ಬಿದ್ದವನಿಗೆ ಬಲಗೈ ಹೋಯಿತು, ಸೊಂಟದ ಮೂಳೆ ಮುರಿಯಿತು, ಮಾತೆಲ್ಲ ಹೋಗಿ ಒಂದೇ ಒಂದು ಪದ ಉಳಿಯಿತು. ನೀರು ಬೇಕಾ ಅಂದರೆ 'ಅದೇ'. ಬೇಡವಾ ಅಂದರೂ 'ಅದೇ'. ನಾನು ಯಾರು ಹೇಳು ನೋಡೋಣ ಎಂದು ತಮ್ಮನಾದವನು ಮುಖ ಮುಂದೆ ಚಾಚಿದರೆ ಅದಕ್ಕೂ 'ಅದೇ'.

ಹೋದ ಮಾತು ಮರಳಬೇಕಾದರೆ ಮೊದಲ ಮೂರು ತಿಂಗಳೇ ಮುಖ್ಯ, ಪಾಠ ಒಂದು ದಿನವೂ ತಪ್ಪಬಾರದು ಎಂದಿದ್ದರು ಡಾಕ್ಟರು. ಪಾಠ ಹೇಳುವ ಮೇಡಂ ಇದ್ದದ್ದು ಬೇರೆ ಊರಿನಲ್ಲಿ. ಬೆಳಗ್ಗೆ ಹತ್ತಕ್ಕೆ ಟ್ಯಾಬ್ಲೆಟ್‌ನ ಪರದೆಯ ಮೇಲೆ ಬಂದು ಒಂದೊಂದೇ ಚಿತ್ರ ತೋರಿಸುತ್ತಿದ್ದರು. ಮೂರನೆಯ ವಾರ ಲೋಟದ ಚಿತ್ರ ನೋಡಿ ಅಣ್ಣ 'ನೀ' ಅಂದಿದ್ದ. ನೀರು ಎಂಬುದರ ಅರ್ಧ ಬಂದಿತ್ತು. ಅತ್ತಿಗೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಆ ವಾರವೇ ನಡುವಿನ ಪೆಟ್ಟಿಗೆ ಸುಟ್ಟುಹೋಯಿತು.

ಪೆಟ್ಟಿಗೆಯೆಂದರೆ ರೂಟರ್. ಅಣ್ಣನಿಗೆ ಅದೊಂದು ಹುಚ್ಚು. ಗುಜರಿ ಅಂಗಡಿಯಿಂದ ಹಳೇ ರೂಟರುಗಳನ್ನು ತಂದು, ಕಂಪನಿಯವರು ತುಂಬಿದ್ದನ್ನು ಅಳಿಸಿ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸಾಫ್ಟ್‌ವೇರನ್ನು ಅದರೊಳಗೆ ತುಂಬುತ್ತಿದ್ದ. "ಬಿಚ್ಚಕ್ಕೆ ಬರದೇ ಇರೋದು ನನ್ನದು ಹೇಗಾಗತ್ತೋ?" ಎಂಬುದು ಅವನ ವಾದ. ಇಂಟರ್ನೆಟ್ಟಿನ ತಂತಿ ಬರುವುದು ರಸ್ತೆಯಾಚೆಯ ಅವನ ಅಂಗಡಿಗೆ. ರಸ್ತೆಯ ಮೇಲೆ ವೈರು ಎಳೆಯಲು ಅಪ್ಪಣೆಯಿಲ್ಲ. ಹಾಗಾಗಿ ಅಂಗಡಿಯಲ್ಲೊಂದು, ಮಹಡಿಯ ಕಿಟಕಿಯಲ್ಲೊಂದು, ಹಿಂದಿನ ಕೋಣೆಯ ಬಾಗಿಲಲ್ಲೊಂದು ಪೆಟ್ಟಿಗೆ ಇಟ್ಟು, ಒಂದು ಇನ್ನೊಂದಕ್ಕೆ ಗಾಳಿಯಲ್ಲೇ ದಾಟಿಸುವಂತೆ ಮಾಡಿದ್ದ. ಅದಕ್ಕೆ ಮೆಶ್ ಎನ್ನುತ್ತಾರೆ.

ಮೆಶ್ ಎಂಬ ಪದ ತಮ್ಮನಿಗೆ ಹೊಸದೇನಲ್ಲ. ಅವನು ಗಾರೆ ಮೇಸ್ತ್ರಿ. ಆ ಹಿಂದಿನ ಕೋಣೆ ಕಟ್ಟಿದವನೂ ಅವನೇ. ಗೋಡೆ ಬಿರುಕು ಬಿಡದಿರಲೆಂದು ಗಾರೆಯೊಳಗೆ ಕಬ್ಬಿಣದ ಮೆಶ್ಶನ್ನು ಮುಚ್ಚಟೆಯಿಂದ ಎರಡು ಪದರ ಹಾಕಿದ್ದ. ಆ ಗೋಡೆಗಳನ್ನು ದಾಟಿ ಮೊಬೈಲ್ ಸಿಗ್ನಲ್ ಕೂಡ ಒಳಗೆ ಬರುತ್ತಿರಲಿಲ್ಲ. "ನಿನ್ನ ಮೆಶ್ ತಡೆಯತ್ತೆ, ನನ್ನ ಮೆಶ್ ದಾಟಿಸತ್ತೆ" ಎಂದು ಅಣ್ಣ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಈಗ ಅದೇ ಕೋಣೆಯಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಾನೆ. ಇನ್ನೊಂದು ತಿಂಗಳು ಕಳೆಯುವವರೆಗೆ ಅಲುಗಾಡಿಸುವಂತಿಲ್ಲ. ಮಂಚ ಹೊರಗೆ ತರೋಣವೆಂದರೆ ಬಾಗಿಲು ಕಿರಿದು. ಬಾಗಿಲಿಟ್ಟ ಮಹಾನುಭಾವ ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಗುಜರಿ ಅಂಗಡಿಯಿಂದ ಬೇರೆ ರೂಟರ್ ತಂದ ತಮ್ಮ. ಸಾಫ್ಟ್‌ವೇರ್ ತುಂಬುವಾಗ ಪ್ಲಗ್ ಸಡಿಲವಾಗಿ ಕರೆಂಟು ತಪ್ಪಿತು. ಪೆಟ್ಟಿಗೆ ಮತ್ತೆ ಕಣ್ಣು ಬಿಡಲಿಲ್ಲ. "ಇಟ್ಟಿಗೆ ಆಯ್ತು ಬಿಡಿ ಮೇಸ್ತ್ರಿ, ಹಾಗೇ ಅನ್ನೋದು ನಾವು" ಎಂದ ಗುಜರಿಯವನು. ಮೂವತ್ತು ವರ್ಷ ಇಟ್ಟಿಗೆ ಮುಟ್ಟಿದವನಿಗೆ ಯಾವ ಇಟ್ಟಿಗೆಯ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. ಉಳಿದ ಪೆಟ್ಟಿಗೆಗಳನ್ನೂ ಅಳಿಸಿ ಹೊಸದಾಗಿ ಶುರು ಮಾಡಿ ಎಂದೂ ಗುಜರಿಯವನು ಹೇಳಿದ. ಉಳಿದಿರುವ ಎರಡೂ ಇಟ್ಟಿಗೆಯಾದರೆ ಗತಿಯೇನೆಂದು ತಮ್ಮನ ಕೈ ಅವುಗಳ ಹತ್ತಿರ ಹೋಗಲಿಲ್ಲ.

ಆಮೇಲೆ ತಂದ ಎರಡನೆಯ ರೂಟರ್ ಹೇಗೋ ಹದಕ್ಕೆ ಬಂತು, ಆದರೆ ಉಳಿದೆರಡರ ಪಾಸ್‌ವರ್ಡನ್ನೇ ಇದಕ್ಕೂ ಕೊಡದಿದ್ದರೆ ಅವು ಇದನ್ನು ಹಿಡಿಯುವುದಿಲ್ಲ. ಅಣ್ಣನ ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು. ಮೆಶ್ಶಿನ ಹೆಸರು, ಚಾನೆಲ್ ನಂಬರು, ಎಲ್ಲಿ ಏನು ಒತ್ತಬೇಕು ಎಂಬುದು, ಎಲ್ಲ ಗುಂಡಗಿನ ಅಕ್ಷರದಲ್ಲಿ. ಕೊನೆಗೆ, 'ಪಾಸ್‌ವರ್ಡ್: ಅದೇ.'

ಅದೇ ಅಂದರೆ ಯಾವುದು? ಮೊದಲಿನದೇ ಅಂತಲೋ? ಮೊದಲಿನದು ಯಾವುದು? ನೋಟ್‌ಬುಕ್ಕನ್ನು ತಮ್ಮ ಹಿಂದುಮುಂದಾಗಿ ಜಾಲಾಡಿದ. ಅಂಗಡಿಯ ಹೆಸರು, ಅತ್ತಿಗೆಯ ಹೆಸರು, ಹುಟ್ಟಿದ ದಿನ, ಸತ್ತುಹೋದ ನಾಯಿಯ ಹೆಸರು, ಎಲ್ಲ ಹಾಕಿ ನೋಡಿದ. ದಿನಕ್ಕೆ ಹತ್ತು ಸಲ ಪೆಟ್ಟಿಗೆ ಹಿಡಿದು ಮಂಚದ ಬಳಿ ಹೋಗುತ್ತಿದ್ದ.

"ಅಣ್ಣಾ, ಇದರ ಪಾಸ್‌ವರ್ಡ್ ಏನಣ್ಣಾ?"

"ಅದೇ. ಅದೇ. ಅದೇ."

ಏಳನೆಯ ದಿನ ತಮ್ಮನಿಗೆ ತಡೆಯಲಾಗಲಿಲ್ಲ. "ಅದೇ ಅದೇ ಅಂತ ತಲೆ ತಿನ್ನಬೇಡ! ಸುಮ್ನಿರು ಸ್ವಲ್ಪ ಹೊತ್ತು!" ಎಂದು ಕೂಗಿಬಿಟ್ಟ. ಅಣ್ಣ ಎಡಗೈಯಿಂದ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. ಆಮೇಲೆ ಒಂದು ಹಗಲೆಲ್ಲ ಆ ಪದವೂ ಬರಲಿಲ್ಲ. ಹಿತ್ತಲಲ್ಲಿ ನಿಂತು ತಮ್ಮ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಅದರಿಂದ ಯಾರಿಗೇನು ಬಂತು?

ಒಂಬತ್ತನೆಯ ದಿನ ಅತ್ತಿಗೆ ಲೋಟ ತೋರಿಸಿದಳು. 'ನೀ' ಬರಲಿಲ್ಲ. ಎರಡು ಸಲ ತೋರಿಸಿದಳು, ಮೂರು ಸಲ ತೋರಿಸಿದಳು. ಆಮೇಲೆ ಮಹಡಿ ಹತ್ತಿ ಬಂದು, ಕಿಟಕಿಯ ಬಳಿ ಲ್ಯಾಪ್‌ಟಾಪಿಗೆ ಕಣ್ಣು ನೆಟ್ಟು ಕೂತಿದ್ದ ಮೈದುನನ ಪಕ್ಕ ಕುಕ್ಕರಿಸಿದಳು.

"ಬಂದಿದ್ದೂ ಹೋಯ್ತು ಕಣಪ್ಪಾ."

ಬೇಜಾರಿಗೋ ಸಿಟ್ಟಿಗೋ, ಪಾಸ್‌ವರ್ಡಿನ ಖಾಲಿ ಜಾಗದಲ್ಲಿ ತಮ್ಮ ಆ ದರಿದ್ರ ಪದವನ್ನೇ ಕುಟ್ಟಿದ. ಎ, ಡಿ, ಇ. ಕನಿಷ್ಠ ಎಂಟು ಅಕ್ಷರ ಬೇಕು ಎಂದು ಪುಟ ಕೆಂಪಗಾಯಿತು.

"ನೋಡಿ ಅತ್ತಿಗೆ, ಇದೂ ನನ್ನ ಬಯ್ಯತ್ತೆ."

"ನೀನು ಆ ಪೆಟ್ಟಿಗೆ ಹಿಡ್ಕೊಂಡು ಅವರ ಮುಂದೆ ಹೋಗಬೇಡಪ್ಪ. ಅವರಿಗೆ ಸಿಟ್ಟು ಬರತ್ತೆ. ನಾನು ಏನು ಕೇಳಿದ್ರೂ ಒಂದೇ ಸಲ ಅದೇ ಅಂತಾರೆ. ನಿನಗೆ ಮಾತ್ರ ಮೂರು ಸಲ."

ತಮ್ಮನ ಬೆರಳು ನಿಂತಿತು. ಮೂರು ಸಲ. ಒಂದು ಸಲಕ್ಕೆ ಮೂರಕ್ಷರವಾದರೆ ಮೂರು ಸಲಕ್ಕೆ ಒಂಬತ್ತು. ಮೂರು ಸಲ ಕುಟ್ಟಿದ. ಪುಟ ಒಪ್ಪಿಕೊಂಡಿತು, ಆದರೆ ಪೆಟ್ಟಿಗೆಗಳು ಒಂದನ್ನೊಂದು ಹಿಡಿಯಲಿಲ್ಲ. ರಸ್ತೆಯಾಚೆಯ ಅಣ್ಣನ ಅಂಗಡಿಯ ಇಂಗ್ಲಿಷ್ ಬೋರ್ಡು ಕಿಟಕಿಯಿಂದ ಕಾಣುತ್ತಿತ್ತು. ಅದನ್ನು ಬರೆಸುವಾಗ ಅಣ್ಣ ಪೇಂಟರ್ ಜೊತೆ ಜಗಳಕ್ಕೇ ನಿಂತಿದ್ದ. "ಬರೀ ಡಿ ಹಾಕಿದ್ರೆ ಡ ಆಗತ್ತೆ ಮಾರಾಯಾ, ದ ಬೇಕು ಅಂದ್ರೆ ಎಚ್ ಸೇರಿಸು!"

ತಮ್ಮ ಎಚ್ ಸೇರಿಸಿದ. ಮೂರು ಸಲವೂ ಸೇರಿಸಿದ. ಎರಡು ನಿಮಿಷದ ಮೇಲೆ ಹಸಿರು ದೀಪ ಮಿಟುಕಿ ಮಿಟುಕಿ ನಿಂತಿತು.

ಅತ್ತಿಗೆ ಕೈ ಮುಗಿದಳು. ತಮ್ಮನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅಷ್ಟು ದಿನದಿಂದ ಅಣ್ಣ ಹೇಳುತ್ತಲೇ ಇದ್ದ. ಅವನಿಗೆ ಉಳಿದಿದ್ದ ಒಂದೇ ಪದವೇ ಆ ಬೀಗಕ್ಕೆ ಸರಿಹೋಗುವಂಥದು, ಅದನ್ನು ಕೈಗೇ ಇಟ್ಟಿದ್ದ. ತಾನು ಸುಮ್ನಿರು ಎಂದಿದ್ದ.

ಕೆಳಗೆ ಹೋಗಿ ಅಣ್ಣನ ಎಡಗೈ ಹಿಡಿದುಕೊಂಡ. "ತಪ್ಪಾಯ್ತು ಕಣಣ್ಣಾ. ನೀನು ಸರಿಯಾಗೇ ಹೇಳಿದ್ದೆ. ನನಗೇ ತಿಳೀಲಿಲ್ಲ."

ಅಣ್ಣ ಅವನನ್ನೇ ನೋಡಿದ. "ಅದೇ" ಎಂದ, ಒಂದೇ ಸಲ. ಅದು ಕ್ಷಮಿಸಿದ್ದೋ, ನೀರು ಕೇಳಿದ್ದೋ, ತಮ್ಮನಿಗೆ ಗೊತ್ತಾಗಲಿಲ್ಲ.

ಮರುದಿನ ಹತ್ತಕ್ಕೆ ಪರದೆ ಬೆಳಗಿತು. ಮೇಡಂ ಮುಖ ಒಮ್ಮೆಯೂ ಒಡೆಯಲಿಲ್ಲ, ದನಿ ಗಂಟೆಯ ಹಾಗೆ ಕೇಳಿತು. ಒಂಬತ್ತು ದಿನ ತಪ್ಪಿದ್ದಕ್ಕೆ ಅವರು ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡರು, ಅಷ್ಟೇ. ಲೋಟ ತೋರಿಸಿದರು. ತಟ್ಟೆ ತೋರಿಸಿದರು. ಅದೇ, ಅದೇ. ಆಮೇಲೆ ಒಂದು ಬೀಗದ ಕೈ ತೋರಿಸಿದರು.

ಅಣ್ಣನ ತುಟಿ ನಡುಗಿತು. ನಲವತ್ತು ವರ್ಷ ಅದನ್ನೇ ಉಜ್ಜಿ ಅನ್ನ ತಿಂದವನು.

"ಇದೇನು ಯಜಮಾನ್ರೇ? ನಿಧಾನಕ್ಕೆ ಹೇಳಿ. ಪಕ್ಕದಲ್ಲಿ ಇರೋರು ಯಾರೂ ಹೇಳ್ಕೊಡಬೇಡಿ. ಹೇಳ್ಕೊಟ್ರೆ ಅವರಿಗೆ ಬರಲ್ಲ."

ಅಣ್ಣ ಪರದೆ ಬಿಟ್ಟು ತಮ್ಮನ ಕಡೆ ತಿರುಗಿದ. ಕಣ್ಣು ಕಿತ್ತು ಬರುವ ಹಾಗೆ ಅವನ ಬಾಯಿಯನ್ನೇ ನೋಡತೊಡಗಿದ. ತಮ್ಮನಿಗೆ ಆ ಪದ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತ.