ಕೆಬಾರ್ ಕಾಲುವೆಯ ಹೂಳು

"ಅಳೋದಾದ್ರೆ ಬುಟ್ಟಿ ಹೊತ್ಕೊಂಡು ಅಳೇ, ಮುಂಡೆ. ಗಂಡ ಸತ್ರೆ ಕೈಯೂ ಸತ್ತೋಯ್ತಾ?"

ಮೇಸ್ತ್ರಿ ನಿದಿಂತು ದಂಡೆಯ ಮೇಲಿಂದ ಕೂಗಿದ. ಹಮೂಟಲ್ ತಲೆಯೆತ್ತಲಿಲ್ಲ. ನೀರು ಕಟ್ಟಿ ಬರಿದಾಗಿಸಿದ್ದ ಬಾಬೆಲಿನ ಕೆಬಾರ್ ಕಾಲುವೆಯೊಳಗೆ ಮಂಡಿಯೂರಿ, ಕುಸಿದ ದಂಡೆಯ ಮಣ್ಣನ್ನು ಬರಿಗೈಯಲ್ಲಿ ಬಗೆಯುತ್ತಿದ್ದಳು. ಬೆಳಿಗ್ಗೆ ಹೂಳೆತ್ತುವಾಗ ಅದು ಅವಳ ಗಂಡ ಸೇಮಕ್ಯನ ಮೇಲೆ ಬಿದ್ದಿತ್ತು. ಈಗ ಸೂರ್ಯ ನೆತ್ತಿಗೆ ಬಂದಿದ್ದ. ಒಂದು ಬೊಗಸೆ ತೆಗೆದರೆ ಮೇಲಿಂದ ಎರಡು ಬೊಗಸೆ ಜಾರುತ್ತಿತ್ತು.

"ಹೆಣ ತೆಗ್ಯಾಕೆ ನಾಕಾಳ್ ಬುಡಿ ಸ್ವಾಮಿ," ಎಂದಳು ಅವಳ ಜೊತೆಯ ಮುದುಕಿ ಅಬೀಟಾಲ್.

"ಸಂಜೆಗೆ ದೊರೆ ಖರ್ಜೂರದ ತೋಟಕ್ಕೆ ನೀರು ಹೋಗ್ಬೇಕು. ಅವ್ನು ಅಲ್ಲೇ ಬಿದ್ದಿರ್ಲಿ. ದಂಡೆ ಗಟ್ಟಿಯಾಯ್ತದೆ."

ಕಾವಲಿನವರು ನಕ್ಕರು. ಆಳುಗಳು ಬುಟ್ಟಿ ಇಳಿಸಿ ನಿಂತುಬಿಟ್ಟರು. ನಿದಿಂತು ಪೂಜಾರಿ ಮಲ್ಕೀಯನನ್ನು ಕರೆಸಿದ.

ಮಲ್ಕೀಯನೂ ಆ ಆಳುಗಳ ಹಾಗೆ ಯೆರೂಸಲೇಮಿನಿಂದ ಸೆರೆಯಾಗಿ ಬಂದವನೇ. ಆದರೆ ಬುಟ್ಟಿ ಹೊರುತ್ತಿರಲಿಲ್ಲ. ಹೊರುವವರು ಉಸಿರೆತ್ತದಂತೆ ನೋಡಿಕೊಳ್ಳುತ್ತಿದ್ದ. ಅದಕ್ಕೆ ಅವನ ಮನೆಗೆ ಜವೆಗೋಧಿ, ಎಳ್ಳೆಣ್ಣೆ ತಪ್ಪದೆ ಬರುತ್ತಿತ್ತು. ಕೆಸರಿಗೆ ಇಳಿಯದೆ ದಂಡೆಯ ಅಂಚಿನಲ್ಲೇ ನಿಂತ.

"ಏಳು ಮಗಳೇ. ಪ್ರವಾದಿಗಳು ಮೊದಲೇ ನುಡಿದಿದ್ರು. ನಾವು ಪಾಪ ಮಾಡಿದ್ವಿ, ದೇವರು ನಮ್ಮನ್ನ ಬಾಬೆಲಿನವರ ಕೈಗೆ ಕೊಟ್ಟ. ಗೋಳಾಡಬೇಡಿ, ತಲೆ ತಗ್ಗಿಸಿ ದುಡೀರಿ ಅಂತ ಅವನ ಅಪ್ಪಣೆ."

"ನನ್ ಗಂಡ ಏನ್ ಪಾಪ ಮಾಡಿದ್ದ ಅಯ್ಯನೋರೆ?"

"ನಾವೆಲ್ಲರೂ..."

"ನಾವೆಲ್ಲ ಅನ್ಬ್ಯಾಡಿ. ಅವ್ನು ಊರಲ್ಲಿ ನಿಮ್ಮಪ್ಪನ ಮಾಳಿಗೆಗೆ ಕಲ್ ಹೊತ್ತ. ಕೂಲಿ ಕೇಳಿದ್ದಕ್ಕೆ ಬೆನ್ನಿಗೆ ಬಾಸುಂಡೆ ಬಂತು. ಬಿಟ್ಟಿ ದುಡಿಸ್ಕೊಂಡು ಕಟ್ಟಿದ್ ಮನೆ ನಿಲ್ಲಕಿಲ್ಲ ಅಂತ ಪ್ರವಾದಿ ಊರ್ ಬಾಗಿಲಲ್ಲಿ ಬಾಯ್ ಬಡ್ಕೊಂಡ. ಅವ್ನಿಗೆ ಹುಚ್ಚು ಅಂದ್ರಿ ನೀವು. ಆ ಮಾತು ಇವತ್ಯಾಕೆ ನಿಮ್ ಬಾಯಲ್ಲಿ ಬರಾಕಿಲ್ಲ?"

ಮಲ್ಕೀಯ ಗಡ್ಡ ಸವರಿಕೊಂಡ. "ಹಳೇದು ಬಿಡು. ನಿನ್ನ ಹಟಕ್ಕೆ ಉಳಿದವರೂ ಏಟು ತಿಂತಾರೆ, ಅದನ್ನ ಯೋಚನೆ ಮಾಡು."

ಅದು ಸುಳ್ಳಲ್ಲ. ಅದಕ್ಕೇ ಹಮೂಟಲ್‌ಗೆ ಇನ್ನೂ ಸಿಟ್ಟು ಬಂತು. ಅಳುವುದಕ್ಕೂ ಯಾರದೋ ಅಪ್ಪಣೆ ಬೇಕೆ? ಊರಲ್ಲಿ ದೊಡ್ಡವರ ಮನೆಯ ಸಾವಿಗೆಲ್ಲ ರೊಟ್ಟಿಗಾಗಿ ಅತ್ತವಳು ಅವಳು. ಸೆರೆಯಾಗಿ ಬರುವ ದಾರಿಯಲ್ಲಿ ತನ್ನ ಮಗು ಸತ್ತಾಗ ಸೈನಿಕರು ನಿಲ್ಲಲು ಬಿಟ್ಟಿರಲಿಲ್ಲ, ಅಳದೆಯೇ ನಡೆದಿದ್ದಳು.

ಎದ್ದು ನಿಂತಳು. ಕೊರಳ ಬಳಿಯಿಂದ ಬಟ್ಟೆ ಸಿಗಿದುಕೊಂಡಳು. ತಲೆಗೆ ಹೂಳು ಸುರಿದುಕೊಂಡು ಬಾಯಿಬಿಟ್ಟು ಗೋಳಿಟ್ಟಳು. ಮೊದಲು ಮಗುವಿನ ಹೆಸರು ಬಂತು, ಆಮೇಲೆ ಸೇಮಕ್ಯನದು.

"ಬಾಯ್ಮುಚ್ಚಿಸ್ರೋ ಆ ಸೂಳೆದ," ಎಂದ ನಿದಿಂತು. ಚಾವಟಿ ಅವಳ ಹೆಗಲ ಮೇಲೆ ಬಿತ್ತು. ಗೋಳು ನಿಲ್ಲಲಿಲ್ಲ.

ಅಬೀಟಾಲ್ ತನ್ನ ಬುಟ್ಟಿ ಒದ್ದು ಬಂದು ಪಕ್ಕದಲ್ಲಿ ಕೂತಳು. "ಹಿಂದೆ ಸತ್ತ ನನ್ ತಮ್ಮನ್ಗೂ ಅಳಮ್ಮಿ," ಎಂದು ಅವಳೂ ದನಿ ಸೇರಿಸಿದಳು. ಒಬ್ಬೊಬ್ಬರೇ ಹೆಂಗಸರು ಇಳಿದು ಬಂದರು. ಗಂಡಸರು ಗುದ್ದಲಿ ತಂದು ಅವಳು ಬಗೆದ ಜಾಗದಲ್ಲೇ ಅಗೆಯತೊಡಗಿದರು.

"ಮೇಲಕ್ಕೆ ಬನ್ನಿ, ಸಾಯ್ತೀರಿ," ಎಂದು ಮಲ್ಕೀಯ ಕೈಮುಗಿದ. ಯಾರೂ ತಿರುಗಲಿಲ್ಲ.

ನಿದಿಂತು ನೀರನ್ನು ತಡೆದಿದ್ದ ತೂಬಿನ ಕಡೆ ಕೈ ಬೀಸಿದ. ಹಲಗೆ ಎತ್ತಿದ ಸದ್ದಾಯಿತು.

ಸೇಮಕ್ಯನ ಒಂದು ಕಾಲು ಹೊರಗೆ ಕಂಡಿತ್ತು. ಹಮೂಟಲ್ ಅದನ್ನು ಎರಡೂ ಕೈಯಿಂದ ಹಿಡಿದು ಎಳೆಯುತ್ತಿದ್ದಳು. ಕಂದು ನೀರು ಅವಳ ಮಂಡಿಗೆ ಬಂತು.